ಹಳೆ ಕಾರಿನ ಆಯಿಲ್, ಚೇಂಬರ್, ಬ್ರೀದರ್: ಕಾಸರಗೋಡು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆ ಶೆಡ್ಡಿನಲ್ಲಿ ಒಂದು ಅಂಬಾಸಿಡರೋ ಫಿಯೆಟ್ಟೋ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಮದುವೆ ಮನೆಯಲ್ಲಿ, ವರ್ಕ್‌ಶಾಪಿನ ಬೆಂಚಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಅವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಲ್ಲೇ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಎಂಜಿನ್ ಬಿಚ್ಚುವಂಥದ್ದು ಕೊನೆಗೆ. ಇಲ್ಲಿರುವುದು ಮುಖ್ಯವಾಗಿ 1489 ಸಿಸಿ ಪೆಟ್ರೋಲ್ ಅಂಬಾಸಿಡರ್, 1089 ಸಿಸಿ ಫಿಯೆಟ್ 1100 ಮತ್ತು ಪದ್ಮಿನಿ, ವಿಲ್ಲೀಸ್ ಎಂಜಿನಿನ ಪೆಟ್ರೋಲ್ ಜೀಪು, ಇವುಗಳ ವಿಷಯ.

## ಶುರುವಿನ ಪ್ರಶ್ನೆಗಳು

"ಕಾರು ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿದ್ರೆ ಹೆಚ್ಚು. ಆಯಿಲ್ ಬದಲಿಸಲೇಬೇಕಾ?"

ಬದಲಿಸಲೇಬೇಕು. ಕಡಿಮೆ ಓಡುವುದೇ ತೊಂದರೆಯ ಮೂಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟ, ಆದರೆ ನಿಜ. ಬಹುಪಾಲು ಸೈಲೆನ್ಸರಿನಲ್ಲಿ ಆವಿಯಾಗಿ ಹೋಗುತ್ತದೆ. ಸ್ವಲ್ಪ ಪಾಲು ಪಿಸ್ಟನ್ ರಿಂಗ್ ದಾಟಿ ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ತಿರುಗುವ ಎಂಜಿನಿನ ಕೆಳಭಾಗಕ್ಕೆ, ಇಳಿಯುತ್ತದೆ. ಜತೆಗೆ ಉರಿಯದೆ ಉಳಿದ ಪೆಟ್ರೋಲ್, ಮಸಿ, ಆ್ಯಸಿಡ್. ಎಂಜಿನ್ ಚೆನ್ನಾಗಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಆ ನೀರು ಮತ್ತೆ ಆವಿಯಾಗಿ ಬ್ರೀದರ್ ಅನ್ನುವ ಗಾಳಿ ಪೈಪಿನಲ್ಲಿ ಹೊರಬೀಳುತ್ತದೆ. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ ಅಂತ ಓಡಿದರೆ ಚೇಂಬರಿನಲ್ಲೇ, ಅಂದರೆ ಎಂಜಿನಿನ ಅಡಿಯ ಆಯಿಲ್ ತೊಟ್ಟಿಯಲ್ಲೇ, ಉಳಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಗಾಳಿಯ ತೇವವೂ ಅದಕ್ಕೆ ಸೇರಿಕೊಳ್ಳುತ್ತದೆ. ಓಡಿ ಹಾಳಾದ ಆಯಿಲ್‌ಗಿಂತ ನಿಂತು ಹಾಳಾದ ಆಯಿಲ್ಲೇ ನಮ್ಮ ಕಡೆ ಜಾಸ್ತಿ. ಹಾಗಾಗಿ ಮೀಟರ್ ಜತೆ ಕ್ಯಾಲೆಂಡರನ್ನೂ ನೋಡಿ. 3,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

"ಆಯುಧ ಪೂಜೆಗೆ ಹೇಗೂ ತೊಳೀತೇವೆ. ಆಗಲೇ ಆಯಿಲ್ ಬದಲಿಸಿದ್ರೆ ಸಾಕಲ್ವಾ?"

ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಅದು ತಿರುಗಾಮುರುಗಾ. ಜೂನಿನಿಂದ ಸೆಪ್ಟೆಂಬರ್ ತನಕ ಕಾರು ನಿಂತಿರುತ್ತದೆ. ಆ ನಾಲ್ಕು ತಿಂಗಳೂ ಬೇರಿಂಗ್ ಮೇಲೆ ಕೂತಿರುವುದು ಹಳೆ ಆ್ಯಸಿಡ್ ಆಯಿಲ್. ಅಕ್ಟೋಬರಿನಲ್ಲಿ ಅದನ್ನು ಇಳಿಸಿ ಹೊಸದು ಹಾಕಿದರೆ ಆಗುವ ಹಾನಿ ಆಗಿಯೇ ಆಗಿರುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಬದಲಿಸಿ. ಮೊದಲು ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ, ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ, ಕಸವೂ ಜತೆಗೇ ಬರುತ್ತದೆ. ಹೊಸ ಆಯಿಲ್ ಹಾಕಿ ಹತ್ತು ಕಿಲೋಮೀಟರ್ ಓಡಿಸಿ, ಆಮೇಲೆ ಶೆಡ್ಡಿಗೆ ಹಾಕಿ. ಬೋಲ್ಟಿನ ಕಾಪರ್ ವಾಷರ್ ಪ್ರತಿ ಸಲ ಹೊಸದೇ ಇರಲಿ, ಇಲ್ಲವೇ ಹಳೆಯದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಹಾಕಿ. ಪೂಜೆ ದಿನ ಮಾಲೆ, ಕುಂಕುಮ ಸಾಕು.

"ಅಂಗಡಿಯವ್ರು 5ಡಬ್ಲ್ಯೂ-30 ಒಳ್ಳೇದು, ಕಾಸ್ಟ್ಲಿ ಅಂತಾರೆ. ಹಾಕ್ಲಾ?"

ಬೇಡ. ಒಳ್ಳೆಯ ಆಯಿಲ್ ಹೌದು, ಆದರೆ ಬೇರೆ ಎಂಜಿನಿಗೆ. ಡಬ್ಲ್ಯೂ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು, ಮುಂದಿನದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆಯೂ ಅಂಥ ಚಳಿ ಏನಿಲ್ಲ, 5 ಅನ್ನುವುದಕ್ಕೆ ಸುಮ್ನೆ ದುಡ್ಡು ಕೊಟ್ಟ ಹಾಗೆ. ಹಳೆ ಎಂಜಿನಿನ ಬೇರಿಂಗ್ ಸಂದು ಈಗಿನವಕ್ಕಿಂತ ಅಗಲ. ಬಿಸಿಯಾದಾಗ 30ರ ಆಯಿಲ್ ಅಲ್ಲಿ ನಿಲ್ಲದೆ ಪ್ರೆಷರ್ ಬೀಳುತ್ತದೆ. ಸವೆದ ಅಂಬಾಸಿಡರಿಗೂ ಫಿಯೆಟ್ಟಿಗೂ 20ಡಬ್ಲ್ಯೂ-50, ಈಚೆಗೆ ಬೋರ್ ಮಾಡಿ ಕ್ರ್ಯಾಂಕ್ ಅರೆಸಿದ್ದಕ್ಕೆ 20ಡಬ್ಲ್ಯೂ-40. ಜೀಪಿಗೂ 20ಡಬ್ಲ್ಯೂ-40 ನಡೆಯುತ್ತದೆ. ಪೂರ್ತಿ ಸಿಂಥೆಟಿಕ್ ಹಾಕಿದರೆ ಎಂಜಿನ್ ಹಾಳಾಗುವುದಿಲ್ಲ, ಆದರೆ ಇದ್ದಬದ್ದ ಸಂದಿನಲ್ಲೆಲ್ಲ ಸೋರುತ್ತದೆ, ವರ್ಷಕ್ಕೊಮ್ಮೆ ಚೆಲ್ಲುವ ಆಯಿಲ್‌ಗೆ ಅಷ್ಟು ಖರ್ಚು ಯಾಕೆ?

"ಡಿಪ್‌ಸ್ಟಿಕ್ ದಿನಕ್ಕೊಂದು ಲೆಕ್ಕ ತೋರಿಸ್ತದೆ. ಯಾವುದನ್ನು ನಂಬೋದು?"

ನಿಮ್ಮ ಅಂಗಳ ಇಳಿಜಾರಲ್ವಾ? ಗುಡ್ಡೆಯ ಮೇಲಿನ ಮನೆಗಳಲ್ಲಿ ಇದು ಮಾಮೂಲು. ಮೂತಿ ಮೇಲಾಗಿ ನಿಂತರೆ ಆಯಿಲ್ ಹಿಂದಕ್ಕೆ ಸರಿಯುತ್ತದೆ, ಕಡ್ಡಿ ತಪ್ಪು ಹೇಳುತ್ತದೆ. ಅದನ್ನು ನಂಬಿ ಇನ್ನೊಂದು ಲೀಟರ್ ಸುರಿದರೆ ಕ್ರ್ಯಾಂಕ್ ಆಯಿಲಿನಲ್ಲಿ ಕಡೆಯುತ್ತಾ ನೊರೆ ಎಬ್ಬಿಸುತ್ತದೆ, ಹಿಂಬದಿಯಿಂದ ಸೋರುತ್ತದೆ. ಅಡಿಕೆ ಒಣಗಿಸುವ ಸಮತಟ್ಟು ಅಂಗಳದಲ್ಲೋ ರಸ್ತೆಯಲ್ಲೋ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಮೇಲಿನ ಗೀರಿಗೆ ಸ್ವಲ್ಪ ಕೆಳಗೇ ಇದ್ದರೆ ಒಳ್ಳೆಯದು.

"ಹೊಸ ಆಯಿಲ್ ಒಂದೇ ವಾರಕ್ಕೆ ಕಪ್ಪಾಯ್ತು!"

ಆಗಲಿ ಬಿಡಿ. ಒಳಗಿನ ಮಸಿಯನ್ನು ಅದು ಎತ್ತಿಕೊಂಡಿದೆ ಅಂತ ಅರ್ಥ. ಡೀಸೆಲ್ ಅಂಬಾಸಿಡರ್ ಆದರೆ ಮೊದಲ ದಿನವೇ ಕಪ್ಪು.

## ತೇವ, ಹೊಗೆ, ಸೋರಿಕೆ

"ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಅಂಟಿಕೊಂಡಿದೆ. ಹೆಡ್ ಪ್ಯಾಕಿಂಗ್ ಹೋಯ್ತಾ?"

ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಕಡ್ಡಿಯ ಮೇಲೆ ಆಯಿಲ್ ಶುದ್ಧವಾಗಿದ್ದು ಮುಚ್ಚಳದಲ್ಲಿ ಮಾತ್ರ ನೊರೆ ಇದ್ದರೆ ಅದು ಆವಿ ತಣಿದು ಆಯಿಲ್ ಜತೆ ಸೇರಿದ್ದು. ಆಟಿ ತಿಂಗಳಲ್ಲಿ, ಮಳೆಗಾಲದ ನಡುವೆ, ಬಹುತೇಕ ಎಲ್ಲ ಕಾರಿನಲ್ಲೂ ಇರುತ್ತದೆ. ಒರೆಸಿ, ಮಳೆ ಬಿಟ್ಟ ದಿನ ಬದಿಯಡ್ಕದಿಂದ ಕಾಸರಗೋಡಿಗೆ ಒಂದು ಸಲ ಹೋಗಿ ಬನ್ನಿ, ಹೋಗುತ್ತದೆ. ಕಡ್ಡಿಯ ಮೇಲಿನ ಆಯಿಲ್ಲೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಆಗ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ಹೋಗಿದೆ, ಇಲ್ಲವೇ ಹೆಡ್ಡಿಗೆ ಬಿರುಕು. ಓಡಿಸಬೇಡಿ.

"ವಾರಕ್ಕೊಮ್ಮೆ ಶೆಡ್ಡಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತೇನೆ. ಒಳ್ಳೇದಲ್ವಾ?"

ಬ್ಯಾಟರಿಗೂ ಒಳ್ಳೆಯದಲ್ಲ, ಎಂಜಿನಿಗೂ ಅಲ್ಲ. ಚೋಕ್ ಎಳೆದು ಐದು ನಿಮಿಷ ಓಡಿದ ಎಂಜಿನ್ ಒಳಗೆ ನೀರು, ಪೆಟ್ರೋಲ್ ಇಳಿಸುತ್ತದೆ, ಅದನ್ನು ಆವಿ ಮಾಡಿ ಕಳಿಸುವಷ್ಟು ಬಿಸಿ ಆಗುವುದಿಲ್ಲ. ಓಡಿಸುವುದಿದ್ದರೆ ರಸ್ತೆಗೆ ತನ್ನಿ. ಇಲ್ಲದಿದ್ದರೆ ಪ್ಲಗ್ ಬಿಚ್ಚಿ, ಹ್ಯಾಂಡಲಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಇಡಿ. ಅಷ್ಟು ಸಾಕು.

"ಆಯಿಲ್ ಕಡಿಮೆ ಆಗೋದು ಬಿಟ್ಟು ಜಾಸ್ತಿ ಆಗ್ತಾ ಇದೆ. ಇದೆಂಥದು?"

ಖುಷಿಪಡಬೇಡಿ, ಇದು ಎಲ್ಲಕ್ಕಿಂತ ಅಪಾಯದ್ದು. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದಿದೆ. ಈ ಪಂಪ್ ಎಂಜಿನಿನ ಮೈಗೇ ಬೋಲ್ಟ್ ಮಾಡಿರುತ್ತದೆ, ಕ್ಯಾಮ್‌ಶಾಫ್ಟ್ ಅದರ ಕೈಯನ್ನು ತಳ್ಳುತ್ತದೆ. ಒಳಗಿನ ಪದರ ಹರಿದರೆ ಪೆಟ್ರೋಲ್ ಸೀದಾ ಚೇಂಬರಿಗೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರ್, ಬಟ್ಟೆಯ ಡಯಾಫ್ರಮ್ ಅದಕ್ಕೆ ತಾಳುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಅಂಗಡಿಯ ಮೂಲೆಯಲ್ಲಿ ಉಳಿದ ಹಳೆ ಸ್ಟಾಕ್ ರಿಪೇರಿ ಕಿಟ್ ಕೊಂಡರೂ ಅದೇ ಕತೆ. ಎಥನಾಲ್ ತಡೆಯುವ ಡಯಾಫ್ರಮ್ಮೇ ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ಹರಿದದ್ದು ಖಾತ್ರಿಯಾದರೆ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ, ಜತೆಗೆ ಕ್ರ್ಯಾಂಕ್‌ಕೇಸ್ ತುಂಬ ಪೆಟ್ರೋಲ್ ಆವಿ ತುಂಬಿರುತ್ತದೆ. ಹತ್ತಿರ ಬೀಡಿ ಹಚ್ಚಬೇಡಿ. ಪಂಪ್ ಸರಿಮಾಡಿ, ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಆಮೇಲೆ ಸ್ಟಾರ್ಟ್. ಪಂಪ್ ಸರಿ ಇದ್ದೂ ವಾಸನೆ ಬಂದರೆ ಕಾರ್ಬುರೇಟರ್ ನೀಡಲ್ ವಾಲ್ವ್ ಸೋರುತ್ತಿರಬೇಕು, ಇಲ್ಲವೇ ಚೋಕ್ ಪೂರ್ತಿ ಬಿಡುತ್ತಿಲ್ಲ.

"ಮಡಿಕೇರಿಯಿಂದ ಇಳಿದು ಬರುವಾಗ ಹಿಂದೆ ನೀಲಿ ಹೊಗೆ. ರಿಂಗ್ ಹೋಯ್ತು ಅಂದ್ರು."

ಹೊಗೆ ಯಾವಾಗ ಬರುತ್ತದೆ ಅನ್ನುವುದೇ ಉತ್ತರ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೀರಿ, ಸಿಲಿಂಡರಿನಲ್ಲಿ ಜೋರು ಎಳೆತ ಹುಟ್ಟುತ್ತದೆ, ಸವೆದ ವಾಲ್ವ್ ಗೈಡಿನ (ವಾಲ್ವಿನ ಕಡ್ಡಿ ಆಡುವ ಕೊಳವೆ) ಸಂದಿನಿಂದ ಆಯಿಲ್ ಒಳಗೆ ಹೀರುತ್ತದೆ. ಸುಳ್ಯದ ಹತ್ತಿರ ಸಪಾಟು ರಸ್ತೆಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಮೋಡ ನೀಲಿ ಹೊಗೆ, ಆಮೇಲೆ ಇಲ್ಲ. ಇದು ಗೈಡು, ಸೀಲು. ಹೆಡ್ ಬಿಚ್ಚಿದರೆ ಮುಗಿಯಿತು. ಹತ್ತುವಾಗ, ಲೋಡಿನಲ್ಲಿ, ಹೊಗೆ ಬಿಡದೆ ಬರುತ್ತಿದ್ದರೆ ರಿಂಗು, ಬೋರು. ಸಂಶಯ ಇದ್ದರೆ ಕಂಪ್ರೆಷನ್ ನೋಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ದೊಡ್ಡ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಇಷ್ಟು ಮಾಡದೆ "ಫುಲ್ ಎಂಜಿನ್ ಕೆಲಸ" ಅನ್ನುವವರ ಮಾತಿಗೆ ತಲೆಯಾಡಿಸಬೇಡಿ.

"ಅಂಬಾಸಿಡರ್ ಸೋರೋದು ನಿಂತ್ರೆ ಆಯಿಲ್ ಖಾಲಿ ಅಂತ ಅರ್ಥ ಅಂತಾರೆ. ಸೋರದ ಹಾಗೆ ಮಾಡ್ಲಿಕ್ಕೇ ಆಗೋದಿಲ್ವಾ?"

ತಮಾಷೆಯಲ್ಲಿ ಸ್ವಲ್ಪ ಸತ್ಯ ಇದೆ. ಈ ಎಂಜಿನ್ ಬ್ರಿಟನ್ನಿನ ಬಿಎಂಸಿಯ ಬಿ-ಸೀರೀಸ್. ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಅದರ ಬದಲು ಲೋಹದ ಮೇಲೆ ಸ್ಕ್ರೂವಿನ ಮರೆಯಂಥ ಗೀರು ಕೊರೆದಿದ್ದಾರೆ. ತಿರುಗುವಾಗ ಅದು ಆಯಿಲನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ತಳ್ಳುವುದಿಲ್ಲ. ಒಂದು ರಾತ್ರಿಗೆ ನಾಲ್ಕಾರು ಹನಿ ಬಿದ್ದರೆ ಬೀಳಲಿ, ಅಡಿಗೆ ಒಂದು ರಟ್ಟು ಹಾಕಿ. ಮೂತಿ ಮೇಲಾಗಿ ನಿಲ್ಲಿಸಿದರೆ ಜಾಸ್ತಿ, ಕೆಳಗಾಗಿ ನಿಲ್ಲಿಸಿದರೆ ಕಡಿಮೆ. ಗೇರ್‌ಬಾಕ್ಸ್ ಮುಂದಿನ ಬೆಲ್‌ಹೌಸಿಂಗಿನ ಅಡಿಯ ತೂತನ್ನು ಮಾತ್ರ ಎಂ-ಸೀಲ್ ಹಚ್ಚಿ ಮುಚ್ಚಬೇಡಿ. ಆಯಿಲ್ ಹೊರಗೆ ಬೀಳದೆ ಕ್ಲಚ್ ಪ್ಲೇಟಿಗೆ ಹತ್ತುತ್ತದೆ. ಹನಿ ಹೋಗಿ ಧಾರೆ ಆದರೆ ಸೀಲಿನ ಚಿಂತೆ ಬಿಟ್ಟು ಬ್ರೀದರ್ ನೋಡಿ.

"ಬ್ರೀದರ್ ಅಂದ್ರೆ ಯಾವುದು? ಮೆಕ್ಯಾನಿಕ್ 'ಬ್ಯಾಕ್ ಕಂಪ್ರೆಷನ್' ಅಂತಾನೆ."

ಎರಡೂ ಒಂದಕ್ಕೊಂದು ಗಂಟು ಬಿದ್ದ ವಿಷಯ. ಎಷ್ಟು ಹೊಸ ಎಂಜಿನ್ ಆದರೂ ರಿಂಗ್ ಸಂದಿನಿಂದ ಸ್ವಲ್ಪ ಗ್ಯಾಸ್ ಕೆಳಗೆ ನುಗ್ಗುತ್ತದೆ. ಅದಕ್ಕೇ ನಮ್ಮ ವರ್ಕ್‌ಶಾಪುಗಳಲ್ಲಿ ಬ್ಯಾಕ್ ಕಂಪ್ರೆಷನ್ ಅನ್ನುವುದು. ಆ ಗ್ಯಾಸ್ ಹೊರಹೋಗಲು ದಾರಿ ಬ್ರೀದರ್. ಹಳೆ ಅಂಬಾಸಿಡರಿನಲ್ಲಿ ಟ್ಯಾಪೆಟ್ ಸೈಡ್ ಕವರಿನಿಂದ ಒಂದು ಪೈಪು ಎಂಜಿನಿನ ಬದಿಯಲ್ಲೇ ಕೆಳಗಿಳಿದು ನೆಲದ ಕಡೆ ಬಾಯಿ ತೆರೆದಿರುತ್ತದೆ. ಕಾರು ಓಡುವಾಗ ಅಡಿಯ ಗಾಳಿ ಆ ಬಾಯಿಂದ ಹೊಗೆ ಎಳೆಯುತ್ತದೆ, ಮೇಲಿನ ಮುಚ್ಚಳದ ಜಾಲರಿಯಿಂದ ಹೊಸ ಗಾಳಿ ಇಳಿಯುತ್ತದೆ. ನಿಂತಲ್ಲೇ ಓಡುವಾಗ ಎಳೆತ ಇಲ್ಲ.

ಈ ಪೈಪು ಕಟ್ಟಿದರೆ ಒತ್ತಡ ದಾರಿ ಹುಡುಕುತ್ತದೆ. ಮೊದಲು ಹಿಂಬದಿ ಸೋರಿಕೆ, ಆಮೇಲೆ ಡಿಪ್‌ಸ್ಟಿಕ್ ತಾನಾಗಿ ಮೇಲೇಳುವುದು, ಕೊನೆಗೆ ರಾಕರ್ ಕವರ್ ಪ್ಯಾಕಿಂಗಿನಿಂದ ಆಯಿಲ್. ಕಟ್ಟುವುದು ಬರೀ ಆಯಿಲ್ ಗಸಿಯಿಂದ ಅಲ್ಲ. ಮಳೆಗಾಲದಲ್ಲಿ ನಿಂತ ಕಾರಿನ ಪೈಪಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಸಂಸಾರ ಹೂಡಿರುತ್ತದೆ. ಬೆರಳಿಟ್ಟರೆ ಸಿಗುವುದಿಲ್ಲ, ಎರಡು ಇಂಚು ಒಳಗಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ತಿವಿದರೆ ಒಣಗಿದ ಕೆಂಪು ಮಣ್ಣು ಪುಡಿಯಾಗಿ ಉದುರುತ್ತದೆ, ಅರ್ಧ ಕೆಳಗೆ, ಅರ್ಧ ಒಳಗೆ! ಅದಕ್ಕೇ ಪೈಪನ್ನು ಕವರ್ ಸಮೇತ ಬಿಚ್ಚಿ ಹೊರಗೆ ತೆಗೆದೇ ಕ್ಲೀನ್ ಮಾಡಬೇಕು. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಗೆ ಬಟ್ಟೆ ಸುತ್ತಿ ಎಳೆದು, ಒಂದು ಕಡೆಯಿಂದ ಊದಿದರೆ ಇನ್ನೊಂದು ಕಡೆ ಸಲೀಸಾಗಿ ಗಾಳಿ ಬರಬೇಕು. ಮುಚ್ಚಳದ ಜಾಲರಿಯನ್ನೂ ತೊಳೆದು, ಎಂಜಿನ್ ಆಯಿಲಿನಲ್ಲಿ ಅದ್ದಿ, ಹನಿ ಇಳಿಸಿ ಹಾಕಿ. ಮುರಕಲ್ಲಿನ ಧೂಳು ಆ ಜಾಲರಿಯಲ್ಲಿ ನಿಲ್ಲದಿದ್ದರೆ ಬೇರಿಂಗಿನಲ್ಲಿ ನಿಲ್ಲುತ್ತದೆ. ಕಾರು ನಿಲ್ಲಿಸುವಾಗ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಓಡಿಸುವ ಮೊದಲು ಬಿಚ್ಚಿ.

"ಶೆಡ್ಡಿಗೆ ನೆರೆ ನೀರು ನುಗ್ಗಿ ಎಂಜಿನ್ ಅರ್ಧ ಮುಳುಗಿತ್ತು. ಸ್ಟಾರ್ಟ್ ಮಾಡಿ ನೋಡ್ಲಾ?"

ಕೀ ಮುಟ್ಟಬೇಡಿ. ಬ್ರೀದರ್ ಪೈಪಿನಿಂದ ನೀರು ಒಳಗೆ ಹೋಗಿರುತ್ತದೆ. ನೀರು ಭಾರ, ಚೇಂಬರಿನ ತಳದಲ್ಲಿರುತ್ತದೆ, ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ನೀರೇ ಬರುತ್ತದೆ. ಪೂರ್ತಿ ಇಳಿಸಿ, ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ. ಅಗ್ಗದ ಆಯಿಲ್ ಹಾಕಿ ಬಿಸಿಯಾಗುವ ತನಕ ಓಡಿಸಿ, ಅದನ್ನೂ ಚೆಲ್ಲಿ, ಆಮೇಲೆ ಒಳ್ಳೆಯದು ಹಾಕಿ.

"ತೆಗೆದ ಆಯಿಲ್ ಏನು ಮಾಡೋದು? ಹಟ್ಟಿ ಕಂಬಕ್ಕೆ ಬಳೀತೇವೆ, ಉಳಿದದ್ದು ತೋಟಕ್ಕೆ."

ತೋಟಕ್ಕೆ ಖಂಡಿತ ಬೇಡ. ನಮ್ಮ ಮುರಕಲ್ಲು ನೆಲ ನೀರನ್ನು ಬಿಡುವ ಹಾಗೆಯೇ ಆಯಿಲನ್ನೂ ಬಿಡುತ್ತದೆ. ಕೆಳಗೆ ಬಾವಿಯೋ ನೀರಿಗಾಗಿ ಗುಡ್ಡೆ ಕೊರೆದ ಸುರಂಗವೋ ಇದ್ದೇ ಇರುತ್ತದೆ, ಅದೇ ಕುಡಿಯುವ ನೀರು. ಬಳಸಿದ ಆಯಿಲಿನಲ್ಲಿ ಕ್ಯಾನ್ಸರ್ ತರುವಂಥ ವಸ್ತುಗಳಿವೆ, ದನ ನೆಕ್ಕುವ ಕಂಬಕ್ಕೂ ಬೇಡ. ಹಳೆ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಕೊಳ್ಳುವವರು ಬರುವ ವರ್ಕ್‌ಶಾಪಿಗೆ ಕೊಡಿ.

## ಬಿಚ್ಚಿ ನೋಡುವವರಿಗೆ

"ಆಯಿಲ್ ಪ್ರೆಷರ್ ಎಷ್ಟಿರಬೇಕು? ಕೆಂಪು ಲೈಟ್ ಆರಿದ್ರೆ ಸಾಕಲ್ವಾ?"

ಲೈಟ್ ಆರುವುದು ತೀರಾ ಕಡಿಮೆ ಪ್ರೆಷರಿನಲ್ಲೇ. ಅದು ಹೇಳುವುದು "ಪಂಪ್ ತಿರುಗುತ್ತಿದೆ" ಅಂತ ಮಾತ್ರ. ಟೀ ಜಾಯಿಂಟ್ ಹಾಕಿ ಒಂದು ಗೇಜ್ ಕೂರಿಸಿ. ಬಿಸಿ ಎಂಜಿನಿಗೆ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಒಳ್ಳೆಯ ಲೆಕ್ಕ. ಅಂಬಾಸಿಡರ್ ಓಡುವಾಗ 40ರಿಂದ 60, ಐಡ್ಲಿಂಗಿನಲ್ಲಿ 15 ಬಂದರೆ ನಿದ್ದೆ ಮಾಡಬಹುದು. ಕಡಿಮೆ ಬಂದರೆ ಕೆಲವರು ಹೆಚ್ಚಾದ ಪ್ರೆಷರ್ ಬಿಡುವ ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರ್ ಇಟ್ಟು ಗೇಜ್ ಏರಿಸಿ ಕೊಡುತ್ತಾರೆ. ತಣ್ಣಗಿರುವಾಗ ಮುಳ್ಳು ಏರುತ್ತದೆ, ಸವೆದ ಬೇರಿಂಗ್ ಸವೆದೇ ಇರುತ್ತದೆ.

"ಈಗಿನ ಆಯಿಲಲ್ಲಿ ಜಿಂಕ್ ಕಡಿಮೆ, ಹಳೆ ಕ್ಯಾಮ್ ತಿಂದುಹಾಕ್ತದೆ ಅಂತ ಓದಿದೆ. ನಿಜವಾ?"

ಅರ್ಧ ನಿಜ. ನಮ್ಮ ಎಂಜಿನುಗಳಲ್ಲಿ ವಾಲ್ವ್ ಎತ್ತುವ ಕ್ಯಾಮ್ ಮೇಲೆ ಚಪ್ಪಟೆ ಟ್ಯಾಪೆಟ್ ಉಜ್ಜುತ್ತಾ ಹೋಗುತ್ತದೆ. ಅಲ್ಲಿ ಲೋಹವನ್ನು ಕಾಯುವುದು ಜಿಂಕ್ ಮತ್ತು ರಂಜಕ ಸೇರಿದ ಜೆಡ್‌ಡಿಡಿಪಿ ಅನ್ನುವ ವಸ್ತು. ಹೊಸ ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ, ಆಯಿಲಿಗೆ ಅಮೆರಿಕದ ಎಪಿಐ ಸಂಸ್ಥೆ ಕೊಡುವ ದರ್ಜೆಗಳಲ್ಲಿ 2004ರ ಎಸ್‌ಎಂನಿಂದ ರಂಜಕಕ್ಕೆ 0.08 ಪರ್ಸೆಂಟ್ ಮಿತಿ ಬಂತು. ಆದರೆ ಆ ಮಿತಿ 5ಡಬ್ಲ್ಯೂ-30, 10ಡಬ್ಲ್ಯೂ-30 ತರದ ತೆಳು ಗ್ರೇಡಿಗೆ. 20ಡಬ್ಲ್ಯೂ-50ಕ್ಕೆ ಅನ್ವಯ ಇಲ್ಲ. ಅಂದರೆ ಸರಿಯಾದ ಗ್ರೇಡ್ ಹಾಕಿದವರಿಗೆ ಈ ಚಿಂತೆ ಹೆಚ್ಚು ಬೇಡ. ಬೇರೆ ಬಾಟಲಿಯ ಜಿಂಕ್ ಸುರಿಯುವುದೂ ಬೇಡ, ಜಾಸ್ತಿಯಾದರೆ ಅದೂ ತಿನ್ನುತ್ತದೆ.

"ಚೇಂಬರ್ ತೊಳೀಲಿಕ್ಕೆ ಅರ್ಧ ಲೀಟರ್ ಡೀಸೆಲ್ ಹಾಕಿ ಓಡಿಸ್ತಾರಲ್ವಾ?"

ಓಡಿಸುತ್ತಾರೆ, ಬೇಡ. ಡೀಸೆಲ್ ಆಯಿಲನ್ನು ತೆಳು ಮಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ನಲ್ವತ್ತು ವರ್ಷದ ಗಸಿ ಒಮ್ಮೆಗೇ ಎದ್ದು ಪಂಪಿನ ಜಾಲರಿಗೆ ಮೆತ್ತಿಕೊಳ್ಳುವುದು. ಗಸಿ ಇದೆ ಅಂತ ಗೊತ್ತಿದ್ದರೆ ಚೇಂಬರ್ ಇಳಿಸಿ ಕೈಯಲ್ಲೇ ತೆಗೆಯಿರಿ.

"ಚೇಂಬರ್ ಇಳಿಸುವಾಗ ಎಂಥ ಎಲ್ಲ ನೋಡಬೇಕು?"

ತಳದ ಗಸಿಯನ್ನು ಒರೆಸಿ ಎಸೆಯುವ ಮೊದಲು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಬರೀ ಕಪ್ಪು ಜಿಡ್ಡಾದರೆ ಸರಿ. ಬೆಳ್ಳಗೆ ಹೊಳೆದರೆ ಬೇರಿಂಗಿನ ಮೇಲ್ಪದರ, ತಾಮ್ರದ ಬಣ್ಣ ಕಂಡರೆ ಆ ಪದರ ಸವೆದು ಅಡಿ ಬಂದಿದೆ, ಮ್ಯಾಗ್ನೆಟ್‌ಗೆ ಅಂಟಿದರೆ ರಿಂಗೋ ಕ್ಯಾಮೋ ಟ್ಯಾಪೆಟ್ಟೋ. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಹಿಂದೆ ಯಾರೋ ಹಚ್ಚಿದ ಸಿಲಿಕಾನ್ ಗಮ್ಮಿನ ಚೂರುಗಳು ಅಲ್ಲಿ ಸಿಕ್ಕಿಬಿದ್ದಿರುವುದು ಅಪರೂಪವಲ್ಲ. ಗಮ್ ಹಚ್ಚುವುದಿದ್ದರೆ ಕಾಗದದಷ್ಟು ತೆಳು, ಹೊರ ಅಂಚಿಗೆ. ಮುದುಡಿದ ಕಾರ್ಕ್ ಪ್ಯಾಕಿಂಗನ್ನು ಬಿಸಿನೀರಲ್ಲಿ ನೆನೆಸಿದರೆ ಮತ್ತೆ ಅಳತೆಗೆ ಬರುತ್ತದೆ. ತಗಡಿನ ಅಂಚು ಬೋಲ್ಟ್ ತೂತಿನ ಸುತ್ತ ಉಬ್ಬಿದ್ದರೆ ಮರದ ಮೇಲಿಟ್ಟು ಬಡಿದು ಸಮ ಮಾಡಿ. ಬೋಲ್ಟ್ ಬಿಗಿಯುವಾಗ ಮಧ್ಯದಿಂದ ಎರಡೂ ಬದಿಗೆ, ಸ್ವಲ್ಪ ಸ್ವಲ್ಪವೇ. ಜಾಸ್ತಿ ಬಿಗಿದದ್ದೇ ಸೋರುವುದು.

ಹೇಗೂ ಅಡಿಯಲ್ಲಿ ಮಲಗಿದ್ದೀರಿ, ಒಂದು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಮುಚ್ಚಳ) ಬಿಚ್ಚಿ, ಪ್ಲಾಸ್ಟಿಗೇಜ್ ಅನ್ನುವ ಅಳತೆಯ ಪ್ಲಾಸ್ಟಿಕ್ ಎಳೆ ಇಟ್ಟು ಬೇರಿಂಗ್ ಸಂದು ನೋಡಿ. ಜರ್ನಲ್ (ಬೇರಿಂಗ್ ಕೂರುವ ಕ್ರ್ಯಾಂಕಿನ ಭಾಗ) ವ್ಯಾಸ ಎಷ್ಟು ಇಂಚೋ ಸುಮಾರಾಗಿ ಅಷ್ಟು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಇರಬೇಕು. ಅದರ ಎರಡರಷ್ಟು ದಾಟಿದ್ದರೆ ಕ್ರ್ಯಾಂಕ್ ಅರೆಸುವ ಕಾಲ ಬಂದಿದೆ.

"ಫಿಲ್ಟರ್ ಬದಲಿಸಿದ ಮೇಲೆ ಆಯಿಲ್ ಭರ್ರಂತ ಹೊರಗೆ ಬಂತು!"

ಬಟ್ಟಲು ತರದ ಫಿಲ್ಟರ್ ಅಲ್ವಾ? ಮೇಲೆ ರಿಂಗ್ ಕೂರುವ ಗೀರಿನಲ್ಲಿ ಹಳೆ ರಬ್ಬರ್ ರಿಂಗ್ ಅಂಟಿಕೊಂಡೇ ಇತ್ತು, ಅದರ ಮೇಲೆ ಹೊಸದು ಕೂತಿದೆ. ಹಳೆಯದನ್ನು ಸೂಜಿಯಲ್ಲಿ ಎಬ್ಬಿಸಿ ತೆಗೆಯಿರಿ. ಕರಿ ಗೀರಿನಲ್ಲಿ ಕರಿ ರಿಂಗು, ಕಣ್ಣಿಗೆ ಕಾಣುವುದಿಲ್ಲ.

"ಹಳೆ ಪೈಪ್ ಬ್ರೀದರ್ ತೆಗೆದು ಪಿಸಿವಿ ವಾಲ್ವ್ ಹಾಕಿಸ್ಲಾ?"

ವಿಲ್ಲೀಸ್ ಜೀಪಿನಲ್ಲಿ ಅದು ಎರಡನೇ ಮಹಾಯುದ್ಧದ ಕಾಲದಿಂದಲೇ ಇದೆ. ಮ್ಯಾನಿಫೋಲ್ಡಿನ ಎಳೆತದಿಂದಲೇ ಗ್ಯಾಸ್ ಹೊರತೆಗೆಯುವ ಉಪಾಯ, ನಿಂತಲ್ಲೇ ಓಡುವಾಗಲೂ ಕೆಲಸ ಮಾಡುತ್ತದೆ. ಜೀಪಿನವರು ಬಿಚ್ಚಿ ಅಲ್ಲಾಡಿಸಿ ನೋಡಿ, ಟಕಟಕ ಸದ್ದು ಬರಬೇಕು. ಅಂಬಾಸಿಡರಿಗೆ ಹೊಸದಾಗಿ ಹಾಕಿಸಿದರೆ ಐಡ್ಲಿಂಗ್ ಮಿಕ್ಸ್ಚರ್ ತೆಳುವಾಗುತ್ತದೆ, ಕಾರ್ಬುರೇಟರ್ ಮತ್ತೆ ಹೊಂದಿಸಬೇಕು. ಸವೆದ ಎಂಜಿನಿಗೆ ಹಾಕಿದರೆ ಆಯಿಲನ್ನೇ ಹೀರಿ ಹೊಗೆ ಬಿಡುತ್ತದೆ. ನನ್ನ ಮಟ್ಟಿಗೆ, ಪೈಪು ಕ್ಲೀನ್ ಇದ್ದರೆ ಮೂಲದ್ದೇ ಚಂದ.

"ಅಜ್ಜನ ಕಾಲದ್ದು, ಯುದ್ಧಕ್ಕಿಂತ ಮೊದಲಿನ ಕಾರು. ಅದಕ್ಕೂ ಇದೇ ಕ್ರಮವಾ?"

ಅಲ್ಲ. 1908ರಿಂದ 1927ರ ತನಕ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ಆಯಿಲ್ ಪಂಪೇ ಇಲ್ಲ. ಫ್ಲೈವೀಲ್ ಆಯಿಲನ್ನು ಎತ್ತಿ ಎರಚುತ್ತದೆ, ಒಂದು ಕೊಳವೆ ಅದನ್ನು ಹಿಡಿದು ಮುಂದಕ್ಕೆ ಹರಿಸುತ್ತದೆ. ಮಟ್ಟ ನೋಡಲು ಕಡ್ಡಿಯೂ ಇಲ್ಲ, ಅಡಿಯಲ್ಲಿ ಎರಡು ನಲ್ಲಿ. ಹಳೆ ಷೆವರ್ಲೆಗಳಲ್ಲಿ ಕನೆಕ್ಟಿಂಗ್ ರಾಡಿನ ತುದಿಯ ಸೌಟು ಆಯಿಲನ್ನು ಮೊಗೆಯುತ್ತದೆ. ಇಂಥವಕ್ಕೆ 20ಡಬ್ಲ್ಯೂ-50 ದಪ್ಪವಾಯಿತು, ಎಸ್‌ಎಇ 30 ಅಥವಾ ಕಂಪನಿ ಪುಸ್ತಕ ಹೇಳಿದ್ದು ಹಾಕಿ. ಫಿಲ್ಟರ್ ಇಲ್ಲದ್ದಾದರೆ 1,000 ಕಿಲೋಮೀಟರಿಗೇ ಬದಲಿಸಿ. ಹರಳೆಣ್ಣೆ ಹಾಕುತ್ತಿದ್ದರಂತೆ ಅನ್ನುವುದು ರೇಸಿಂಗ್ ಎಂಜಿನುಗಳ ಮಟ್ಟಿಗೆ ನಿಜ. ಅದು ಮಿನರಲ್ ಆಯಿಲ್ ಜತೆ ಸರಿಯಾಗಿ ಬೆರೆಯುವುದಿಲ್ಲ, ನಿಂತರೆ ಗೋಂದಾಗುತ್ತದೆ.

"ಎಂಜಿನ್ ಹೊಸದಾಗಿ ಕಟ್ಟಿ ಆಯ್ತು. ಮೊದಲ ಸ್ಟಾರ್ಟಿಗೆ ಎಂಥ ಜಾಗ್ರತೆ?"

ಪಂಪಿಗೆ ವ್ಯಾಸಲೀನ್ ತುಂಬಿ ಕೂರಿಸಿ, ಇಲ್ಲದಿದ್ದರೆ ಒಣ ಪಂಪ್ ಆಯಿಲ್ ಎಳೆಯಲು ಒದ್ದಾಡುತ್ತದೆ. ಕ್ಯಾಮ್ ಮತ್ತು ಟ್ಯಾಪೆಟ್ಟಿಗೆ ಮಾಲಿಬ್ಡಿನಮ್ ಪೇಸ್ಟ್. ಪ್ಲಗ್ ಬಿಚ್ಚಿ ಗೇಜಿನ ಮುಳ್ಳು ಏಳುವ ತನಕ ಸ್ಟಾರ್ಟರಿನಲ್ಲಿ ತಿರುಗಿಸಿ, ಬಿಟ್ಟು ಬಿಟ್ಟು. ಸ್ಟಾರ್ಟ್ ಆದ ಮೇಲೆ ಐಡ್ಲಿಂಗಿಗೆ ಬಿಡಬೇಡಿ. ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಆಸುಪಾಸು ಹಿಡಿಯಿರಿ. ಕ್ಯಾಮಿಗೆ ಆಯಿಲ್ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್ ಎರಚಿದ್ದರಿಂದ, ಸ್ಪೀಡ್ ಇಲ್ಲದಿದ್ದರೆ ಎರಚುವುದಿಲ್ಲ. 500 ಕಿಲೋಮೀಟರಿಗೆ ಮೊದಲ ಆಯಿಲ್ ಚೆಲ್ಲಿ, ಹೆಡ್ ಬೋಲ್ಟ್ ತಣ್ಣಗಿರುವಾಗ ಮತ್ತೊಮ್ಮೆ ಬಿಗಿದು ಟ್ಯಾಪೆಟ್ ಹೊಂದಿಸಿ.